ಪಕ್ಕದ ಮನೆಯ ಬಾಕ್ಸರ್

ಕಂಬಳದ ಕರೆಗೆ, ಅಂದರೆ ಕೋಣ ಓಡಿಸುವ ಕೆಸರಿನ ಗದ್ದೆಗೆ, ಇಳಿಯುವ ಹುಡುಗನಿಗೆ ಯಾರೂ ಜಾಹೀರಾತು ತೋರಿಸಿರುವುದಿಲ್ಲ. ಕೋಣ ಸಾಕಿದ ಮನೆ ಅವನ ಊರಲ್ಲೇ ಇರುತ್ತದೆ, ಓಡಿಸುವವನು ಅಣ್ಣನ ಗೆಳೆಯನಾಗಿರುತ್ತಾನೆ, ಚಿಕ್ಕಂದಿನಲ್ಲೇ ಅವನ ಮೈಗೆ ಆ ಕೆಸರು ಹಾರಿರುತ್ತದೆ. ಕಬಡ್ಡಿಯೂ ಹಾಗೆಯೇ. ಹೆರ್ಮುಂಡೆಯ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ತಂದು 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ ಕಾರ್ಕಳದ ಕಡೆಯ ಹುಡುಗಿಯರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಕುಂದಾಪುರ ತಾಲೂಕಿನ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದ ಬೆಳ್ಳಿ ಗೆದ್ದ ಮೇಲೆ ಭಾರ ಎತ್ತುವುದು ನಮ್ಮವರ ಆಟವೂ ಆಯಿತು.

ಹರಿಯಾಣದ ಭಿವಾನಿಯಲ್ಲಿ ಬಾಕ್ಸಿಂಗ್ ಬೆಳೆದದ್ದು ಇದೇ ರೀತಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಜೇಂದರ್ ಸಿಂಗ್ 75 ಕೆಜಿ ವಿಭಾಗದಲ್ಲಿ ಕಂಚು ಗೆದ್ದ ಕಾಲಕ್ಕೆ ಅಲ್ಲಿನ ಮಕ್ಕಳ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಬೀದಿಯಲ್ಲಿ ಬಾಕ್ಸರ್ ಇದ್ದ, ಅಷ್ಟು ಸಾಕಾಗಿತ್ತು. ಮಂಗಳೂರು, ಉಡುಪಿಯಲ್ಲಿ ಬಾಕ್ಸಿಂಗಿಗೆ ಅಂಥ ಪಕ್ಕದ ಮನೆಯವನು ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಗುವುದು ಕರಾಟೆಗೆ. ಹಾಗಾಗಿ ಕರಾವಳಿಯಲ್ಲಿ ಬಾಕ್ಸಿಂಗಿನ ಪ್ರಚಾರಕ್ಕೆ ಸೋಷಿಯಲ್ ಮೀಡಿಯಾ ಬಳಸುವವರಿಗೆ ನನ್ನ ಮೊದಲ ಮಾತು: ನಿಮ್ಮ ಪೇಜು ಆ ಪಕ್ಕದ ಮನೆಯವನ ಕೆಲಸ ಮಾಡಬೇಕು. ಪರಿಚಿತ ಮುಖ, ಪರಿಚಿತ ಮಾತು, ಗುರುತಿನ ರಸ್ತೆ. ಮುಂದೆ ಬರೆದಿರುವುದೆಲ್ಲ ಇದರ ವಿವರ.

ಜಗತ್ತಿನ ಮಟ್ಟದಲ್ಲಿ ನಡೆದದ್ದು ಬೇರೆಯೇ. 2018ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕೆಎಸ್‌ಐ ಮತ್ತು ಲೋಗನ್ ಪೌಲ್ ಎಂಬ ಇಬ್ಬರು ಯೂಟ್ಯೂಬರ್‌ಗಳು ರಿಂಗಿಗೆ ಇಳಿದರು, ಪಂದ್ಯ ಡ್ರಾ ಆಯಿತು. 2024ರ ನವೆಂಬರ್ 15ರಂದು 27 ವರ್ಷದ ಜೇಕ್ ಪೌಲ್ 58 ವರ್ಷದ ಮೈಕ್ ಟೈಸನ್ ಜೊತೆ ಆಡಿದ್ದನ್ನು 6 ಕೋಟಿ ಮನೆಗಳಲ್ಲಿ ನೋಡಿದರು ಎಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿತು. ನೋಡುವವರ ಸಂಖ್ಯೆ ಬೆಳೆಯಲು ಅದು ನೆರವಾಯಿತು, ಸುಳ್ಳಲ್ಲ. ಆದರೆ ಆ ಪಂದ್ಯ ನೋಡಿದ ಸುರತ್ಕಲ್‌ನ ಹುಡುಗ ಮರುದಿನ ಸಂಜೆ ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರ ಕೊಡಬೇಕಾದದ್ದು ಇಲ್ಲಿನ ಕ್ಲಬ್ಬು, ಇಲ್ಲಿನ ತರಬೇತುದಾರ.

ನಮ್ಮಲ್ಲೇ ನಡೆದ ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಕಲಿಸುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ ವಿಡಿಯೋ ದೇಶವಿಡೀ ಹರಿದಾಡಿತು, ಉಸೇನ್ ಬೋಲ್ಟ್ ಜೊತೆ ಹೋಲಿಕೆಯಾಯಿತು, ಓಟದ ಟ್ರಯಲ್ಸ್‌ಗೆ ಕರೆಯೂ ಬಂತು. ಒಂದೆರಡು ವಾರ ಆ ಗದ್ದಲ ಇತ್ತು. ಕಂಬಳವನ್ನು ಮೊಬೈಲಿನಲ್ಲಿ ಗಟ್ಟಿಯಾಗಿ ನಿಲ್ಲಿಸಿದ್ದು ಮಾತ್ರ ಪ್ರತಿ ಸೀಸನ್ನಿನಲ್ಲೂ ಬೆಳಗಿನ ತನಕ ಓಡುವ ಯೂಟ್ಯೂಬ್ ಲೈವ್, ಅದರಲ್ಲಿನ ತುಳು ವೀಕ್ಷಕ ವಿವರಣೆ, ದುಬೈಯಲ್ಲಿ ಕೂತು ಊರಿನ ಕೋಣಗಳ ಹೆಸರು ಹಿಡಿದು ಕಮೆಂಟ್ ಹಾಕುವ ಜನ. ಬಾಕ್ಸಿಂಗ್ ಅನುಸರಿಸಬೇಕಾದ ದಾರಿ ಈ ಎರಡನೆಯದು.

ಬಾಕ್ಸಿಂಗ್ ಪೇಜುಗಳ ದೊಡ್ಡ ತಪ್ಪು ನಾಕೌಟ್ ವಿಡಿಯೋ. ಯಾರೋ ನೆಲಕ್ಕೆ ಬೀಳುವ ತುಣುಕು, ಅದಕ್ಕೊಂದು ಅಬ್ಬರದ ಹಾಡು. ವ್ಯೂ ಬರುತ್ತದೆ, ಹೌದು. ಮಗುವನ್ನು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಅಮ್ಮ ಅದನ್ನು ನೋಡಿದರೆ ಆ ಮನೆಯ ಬಾಗಿಲು ಮುಚ್ಚಿದ ಹಾಗೆಯೇ. ವೃತ್ತಿಪರ ಪಂದ್ಯಗಳ ತುಣುಕನ್ನು ಎತ್ತಿ ಹಾಕಿದರೆ ಹಕ್ಕುಸ್ವಾಮ್ಯದ ದೂರು ಬಂದು ವಿಡಿಯೋ ಹೋಗುತ್ತದೆ, ಮತ್ತೆ ಮತ್ತೆ ಹಾಕಿದರೆ ಖಾತೆಯೇ ಹೋಗುತ್ತದೆ. ರಕ್ತ ಕಂಡ ವಿಡಿಯೋಕ್ಕೆ ಇನ್‌ಸ್ಟಾಗ್ರಾಂ ಎಚ್ಚರಿಕೆಯ ಪರದೆ ಹಾಕುವುದುಂಟು, ಹೊಸಬರಿಗೆ ತೋರಿಸುವುದನ್ನು ಕಡಿಮೆ ಮಾಡುವುದೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಕ್ಲಬ್ಬಿನಲ್ಲಿ ಕಲಿಸುವ ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್ ಅಂಕಗಳ ಆಟ. ಹಿರಿಯರ ಪಂದ್ಯವೆಂದರೆ 3 ನಿಮಿಷದ 3 ಸುತ್ತು, ನಡುವೆ 1 ನಿಮಿಷ ವಿರಾಮ, ಐವರು ತೀರ್ಪುಗಾರರು. ಆಡುವುದು ಒಂದು, ತೋರಿಸುವುದು ಇನ್ನೊಂದು ಆಗಬಾರದು.

ಫೋನು, ವಾಟ್ಸ್ಆ್ಯಪಿನಲ್ಲಿ ಬರುವ ಪ್ರಶ್ನೆಗಳು ಬಹುತೇಕ ಒಂದೇ ಥರ. “ಮೂಗಿಗೆ ಪೆಟ್ಟಾದರೆ ಎಂತ ಮಾಡುವುದು ಸರ್?” “ಹುಡುಗಿಯರಿಗೂ ಉಂಟಾ?” “ಕರಾಟೆಗೂ ಇದಕ್ಕೂ ಎಂತ ವ್ಯತ್ಯಾಸ?” “ಒಲಿಂಪಿಕ್ಸ್‌ನಿಂದ ತೆಗೆದರಂತಲ್ಲ?” ಈ ಒಂದೊಂದು ಪ್ರಶ್ನೆಯೂ ಒಂದೊಂದು ವಿಡಿಯೋ. ಮೊದಲ ದಿನ ಯಾರೂ ಯಾರನ್ನೂ ಹೊಡೆಯುವುದಿಲ್ಲ, ನಿಲ್ಲುವುದು ಮತ್ತು ಹೆಜ್ಜೆ ಇಡುವುದನ್ನಷ್ಟೇ ಕಲಿಸುತ್ತೇವೆ ಎಂದು ತೋರಿಸಿ. ಸ್ಪಾರಿಂಗ್‌ಗೆ, ಅಂದರೆ ಇಬ್ಬರು ಎದುರು ನಿಂತು ಆಡುವ ಅಭ್ಯಾಸಕ್ಕೆ, ಬರುವಾಗ ಹೆಡ್‌ಗಾರ್ಡ್, ಮೌತ್‌ಗಾರ್ಡ್, 14 ಅಥವಾ 16 ಔನ್ಸ್ ಗ್ಲೌಸ್ ಇರುತ್ತದೆ ಎಂದು ವಸ್ತುವನ್ನೇ ಕೈಯಲ್ಲಿ ಹಿಡಿದು ತೋರಿಸಿ. ತಲೆಗೆ ಪೆಟ್ಟು ಬಿದ್ದು ಪಂದ್ಯ ನಿಂತರೆ ಕನಿಷ್ಠ 30 ದಿನ ಆ ಬಾಕ್ಸರ್ ರಿಂಗಿಗೆ ಬರುವಂತಿಲ್ಲ ಎಂಬ ನಿಯಮ ಹೇಳಿ. ಅಪಾಯವೇ ಇಲ್ಲ ಎಂದು ಹೇಳಬೇಡಿ. ಅದು ನಿಜವಲ್ಲ, ಕೇಳುವವರಿಗೂ ಅದು ಗೊತ್ತು. ಅಪಾಯವನ್ನು ಹೇಗೆ ಅಳೆದು ನಿಭಾಯಿಸುತ್ತೇವೆ ಎಂದು ಹೇಳಿದವರ ಮಾತು ನಂಬಿಕೆಗೆ ಬರುತ್ತದೆ. ಒಲಿಂಪಿಕ್ಸ್ ಪ್ರಶ್ನೆಗೆ ಉತ್ತರ ಚಿಕ್ಕದು: 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಇದೆ, 2025ರ ಮಾರ್ಚ್‌ನಲ್ಲಿ ಅದು ತೀರ್ಮಾನವಾಗಿದೆ.

ಹೊಸದಾಗಿ ಶುರು ಮಾಡುವ ಪೇಜು ಒಂದೇ ಒಂದು ವಿಡಿಯೋ ಮಾಡಬಹುದು ಎಂದಾದರೆ ಅದು ಹ್ಯಾಂಡ್‌ರ‍್ಯಾಪ್ ಸುತ್ತುವ ವಿಡಿಯೋ ಆಗಿರಲಿ. ಅದು ಗ್ಲೌಸ್ ಒಳಗೆ ಕೈಗೆ ಸುತ್ತಿಕೊಳ್ಳುವ, ಸುಮಾರು ನಾಲ್ಕೂವರೆ ಮೀಟರ್ ಉದ್ದದ ಬಟ್ಟೆ ಪಟ್ಟಿ. ಒಂದು ತುದಿಯ ಕುಣಿಕೆ ಹೆಬ್ಬೆರಳಿಗೆ, ಪಟ್ಟಿ ಕೈಯ ಹಿಂಬದಿಯಿಂದ ಮಣಿಕಟ್ಟಿಗೆ. ಬೆರಳುಗಳನ್ನು ಅಗಲವಾಗಿ ಬಿಡಿಸಿ ಹಿಡಿದು ಮಣಿಕಟ್ಟಿಗೆ 3 ಸುತ್ತು, ಮೇಲೆ ಬಂದು ಗೆಣ್ಣುಗಳ ಮೇಲೆ 3 ಸುತ್ತು. ಆಮೇಲೆ ಮಣಿಕಟ್ಟಿನಿಂದ ಹೊರಟು ಕಿರುಬೆರಳಿನ ಸಂದು, ಮತ್ತೆ ಮಣಿಕಟ್ಟು. ಹೀಗೆ 3 ಸಂದುಗಳಿಗೂ. ಹೆಬ್ಬೆರಳಿಗೆ ಒಂದು ಸುತ್ತು ಕೊಟ್ಟು, ಗೆಣ್ಣಿನ ಮೇಲೆ ಇನ್ನೊಮ್ಮೆ ಹಾಯ್ದು, ಮಣಿಕಟ್ಟಿನಲ್ಲಿ ವೆಲ್‌ಕ್ರೋ ಅಂಟಿಸಿದರೆ ಮುಗಿಯಿತು. ಮುಷ್ಟಿ ಕಟ್ಟಿದಾಗ ಬಿಗಿಯಾಗಬೇಕು, ಬಿಟ್ಟಾಗ ಸಡಿಲಾಗಬೇಕು. ಬೆರಳ ತುದಿ ಜೋಮು ಹಿಡಿದರೆ ಬಿಚ್ಚಿ ಮತ್ತೆ ಸುತ್ತುವುದು. ಬೆರಳು ಮುಚ್ಚಿಕೊಂಡು ಸುತ್ತಿದವರಿಗೆ ಬಹುಪಾಲು ಹೀಗೇ ಆಗುತ್ತದೆ. ಈ ವಿಡಿಯೋದಲ್ಲಿ ಹೊಡೆತವೇ ಇಲ್ಲ, ಆದರೂ ಬಾಕ್ಸಿಂಗ್ ಪೂರ್ತಿ ಇದೆ: ಕೈಯನ್ನು ಕಾಪಾಡಿಕೊಳ್ಳುವ ಶಿಸ್ತು, ಕಲಿಸುವವನ ತಾಳ್ಮೆ. ಮನೆಯಲ್ಲಿ ಮಗುವಿನ ಪಕ್ಕ ಕೂತು ಅಮ್ಮನೂ ನೋಡಬಹುದಾದ ವಿಡಿಯೋ ಅದು.

ಅದನ್ನು ತೆಗೆಯುವಾಗ ಫೋನು ಎದುರಿಗೆ ಬೇಡ, ಸುತ್ತುವವನ ಹೆಗಲ ಮೇಲಿನಿಂದ ಕೆಳಗೆ ನೋಡುವಂತೆ ಇರಲಿ. ಆಗ ನೋಡುವವನ ಎಡಗೈಯ ಜಾಗದಲ್ಲಿ ಎಡಗೈಯೇ ಕಾಣುತ್ತದೆ. ಸೆಲ್ಫಿ ಕ್ಯಾಮೆರಾ ಇಲ್ಲಿ ದೊಡ್ಡ ಮೋಸ. ಕೆಲವು ಫೋನುಗಳು ಕನ್ನಡಿಯ ಬಿಂಬವನ್ನೇ ಉಳಿಸುತ್ತವೆ, ಎಡಗಾಲು ಮುಂದಿಟ್ಟ ಹುಡುಗ ಬಲಗಾಲು ಮುಂದಿಟ್ಟ ಸೌತ್‌ಪಾ ಆಗಿಬಿಡುತ್ತಾನೆ, ಮನೆಯಲ್ಲಿ ನೋಡಿ ಕಲಿತವನು ಉಲ್ಟಾ ನಿಂತುಕೊಂಡು ಬರುತ್ತಾನೆ. ಸೆಟ್ಟಿಂಗ್ಸಿಗೆ ಹೋಗಿ ಮಿರರ್ ಆಫ್ ಮಾಡಿ, ಇಲ್ಲವೇ ಹಿಂದಿನ ಕ್ಯಾಮೆರಾ ಬಳಸಿ.

ಪ್ಯಾಡ್ ವರ್ಕ್ (ಕೋಚ್ ಕೈಯಲ್ಲಿ ಹಿಡಿದ ಪ್ಯಾಡಿಗೆ ಹೊಡೆಯುವ ಅಭ್ಯಾಸ) ಅಥವಾ ಸ್ಪಾರಿಂಗ್ ತೆಗೆಯುವಾಗ ಇನ್ನೊಂದು ತೊಡಕು. ರೀಲ್ಸ್ ಉದ್ದದ ಚೌಕಟ್ಟು, 1080ಕ್ಕೆ 1920 ಪಿಕ್ಸೆಲ್. ಪಕ್ಕದಿಂದ ತೆಗೆದರೆ ಇಬ್ಬರು ಬಾಕ್ಸರ್‌ಗಳು ಅದರಲ್ಲಿ ಹಿಡಿಸುವುದಿಲ್ಲ, ಇಬ್ಬರನ್ನೂ ಹಿಡಿಸಲು ಹಿಂದೆ ಸರಿದರೆ ಬೊಂಬೆಗಳಂತೆ ಚಿಕ್ಕದಾಗುತ್ತಾರೆ. ಮೂಲೆಯಿಂದ ತೆಗೆಯಿರಿ, ಒಬ್ಬನ ಬೆನ್ನು ಹತ್ತಿರ, ಇನ್ನೊಬ್ಬನ ಮುಖ ಎದುರು. ಫೋನು ಎರಡನೆಯ ಮತ್ತು ಮೂರನೆಯ ಹಗ್ಗದ ನಡುವೆ ಇರಲಿ, ಹಗ್ಗ ಅಡ್ಡ ಬರುವುದಿಲ್ಲ. ಕೆಳಗಿನ ಐದನೇ ಒಂದು ಭಾಗವನ್ನು ಖಾಲಿ ಬಿಡಿ, ಇನ್‌ಸ್ಟಾಗ್ರಾಂ ಅಲ್ಲಿ ಖಾತೆಯ ಹೆಸರು, ಬರಹ ತಂದು ಕೂರಿಸುತ್ತದೆ. ಬಾಕ್ಸಿಂಗಿನಲ್ಲಿ ಅರ್ಧ ವಿದ್ಯೆ ಪಾದದಲ್ಲಿದೆ, ಆ ಪಾದವೇ ಅಕ್ಷರದಡಿ ಮುಚ್ಚಿಹೋಗುತ್ತದೆ. ಟ್ಯೂಬ್‌ಲೈಟಿನ ಹಾಲ್‌ನಲ್ಲಿ ವಿಡಿಯೋ ಮಿನುಗಿದರೆ ಕಾರಣ ನಮ್ಮ 50 ಹರ್ಟ್ಸ್ ಕರೆಂಟು. ಪ್ರೋ ಮೋಡಿನಲ್ಲಿ ಶಟರ್ 1/100ಕ್ಕೆ ಇಟ್ಟರೆ ನಿಲ್ಲುತ್ತದೆ. ಸ್ಲೋ ಮೋಷನ್ ಬೇಕಾದರೆ ಬೆಳಗ್ಗೆ 7ರ ನಂತರ ಬಾಗಿಲ ಬಳಿಯ ಬಿಸಿಲಿನಲ್ಲಿ ತೆಗೆಯಿರಿ.

ಹಿನ್ನೆಲೆಗೆ ಹಾಡು ಹಾಕುವ ಆಸೆ ಎಲ್ಲರಿಗೂ. ಪ್ಯಾಡಿಗೆ ಗ್ಲೌಸ್ ಬೀಳುವ ‘ಟಪ್’ ಸದ್ದಿಗಿಂತ ಒಳ್ಳೆಯ ಹಿನ್ನೆಲೆ ಈ ಆಟಕ್ಕೆ ಇಲ್ಲ. ಜೊತೆಗೆ ಬ್ಯುಸಿನೆಸ್ ಖಾತೆಗಳಿಗೆ ಜನಪ್ರಿಯ ಸಿನಿಮಾ ಹಾಡುಗಳ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ, ಇವತ್ತು ಓಡಿದ ವಿಡಿಯೋ ನಾಳೆ ಮೂಕವಾಗಬಹುದು. ತಗಡಿನ ಮಾಡು ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಸದ್ದೇ ಎಲ್ಲವನ್ನೂ ನುಂಗುತ್ತದೆ. ಕೋಚ್ ಕಾಲರಿಗೆ ಒಂದು ಚಿಕ್ಕ ಮೈಕ್ ಸಿಕ್ಕಿಸಿದರೆ ಮಾತು ಉಳಿಯುತ್ತದೆ, ಹಿಂದೆ ಕೇಳುವ ಮಳೆಯೂ ಚೆಂದವೇ.

ಮಾತಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ: ಇಂಗ್ಲಿಷ್ ಕ್ಯಾಪ್ಷನ್, ಹಿಂದಿ ಡೈಲಾಗ್ ಹಾಕಿದ ಪೇಜು ಎಲ್ಲಿಯದ್ದೂ ಆಗಬಹುದು. ಕೋಚ್ ರಿಂಗಿನ ಹೊರಗಿನಿಂದ “ಕೈ ಮಿತ್ತ್ ದೀಲ!” (ಕೈ ಮೇಲಿಡು) ಎಂದು ಕೂಗಿದ ಕ್ಷಣಕ್ಕೆ ಆ ವಿಡಿಯೋ ಈ ಊರಿನದಾಗುತ್ತದೆ. ಮಾತು ತುಳುವಿನಲ್ಲಿ, ಬರಹ ಕನ್ನಡದಲ್ಲಿ ಎಂಬುದು ಇಲ್ಲಿಗೆ ಒಪ್ಪುವ ಕ್ರಮ. ಬ್ಯಾರಿ, ಕೊಂಕಣಿ ಮಾತಾಡುವ ಬಾಕ್ಸರ್ ಇದ್ದರೆ ಅವರ ಮಾತು ಅವರದೇ ಭಾಷೆಯಲ್ಲಿ ಇರಲಿ. ತಾನಾಗಿ ಮೂಡುವ ಸಬ್‌ಟೈಟಲ್ ತುಳುವನ್ನು ಏನೇನೋ ಮಾಡಿಬಿಡುತ್ತದೆ, ಕೈಯಾರೆ ಟೈಪ್ ಮಾಡಬೇಕು. ಹ್ಯಾಶ್‌ಟ್ಯಾಗಿನಲ್ಲಿ ಮಂಗಳೂರು ಎಂಬ ಹೆಸರಿನ ಜೊತೆ ಅದರ ತುಳು ಹೆಸರು ಕುಡ್ಲ ಇರಲಿ, 2014ಕ್ಕಿಂತ ಹಿಂದಿನ ಮ್ಯಾಂಗಲೋರ್ ಎಂಬ ಇಂಗ್ಲಿಷ್ ಹೆಸರೂ ಇರಲಿ, ಹುಡುಕುವವರು ಇನ್ನೂ ಅದನ್ನೇ ಹೊಡೆಯುತ್ತಾರೆ.

ದುಡ್ಡು ಕೊಟ್ಟು ಜಾಹೀರಾತು ಹಾಕುವವರು ಕರಾವಳಿಯ ಭೂಗೋಳವನ್ನು ಮರೆಯುತ್ತಾರೆ. ಜಾಹೀರಾತಿನ ನಕ್ಷೆಯಲ್ಲಿ ಮಂಗಳೂರಿನ ಹಂಪನಕಟ್ಟೆಗೆ ಪಿನ್ ಇಟ್ಟು 8 ಕಿಲೋಮೀಟರ್ ವೃತ್ತ ಎಳೆದರೆ ಅದರ ಒಂದು ಪಾಲು ಅರಬ್ಬಿ ಸಮುದ್ರವೇ. ಉಳಿದದ್ದರಲ್ಲಿ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ. ತೊಕ್ಕೊಟ್ಟಿನ ಹುಡುಗ ನಕ್ಷೆಯಲ್ಲಿ ಹತ್ತಿರ, ಸಂಜೆ 6 ಗಂಟೆಗೆ ಪಂಪ್‌ವೆಲ್ ದಾಟಿ ಬರಬೇಕಾದರೆ ದೂರ. ಊರಿನ ಹೆಸರು ಟೈಪ್ ಮಾಡಿದರೆ ವ್ಯವಸ್ಥೆ ಅಗಲವಾದ ವೃತ್ತವನ್ನೇ ಹಿಡಿಯುತ್ತದೆ. ಅದರ ಬದಲು ಕದ್ರಿ, ಬಿಜೈ, ಕಂಕನಾಡಿ ಎಂದು ಎರಡೆರಡು ಕಿಲೋಮೀಟರಿನ ಸಣ್ಣ ಪಿನ್ನುಗಳನ್ನು ಇಡಿ. ಉಡುಪಿಯಲ್ಲಾದರೆ ಅಜ್ಜರಕಾಡು, ಮಣಿಪಾಲ, ಮಲ್ಪೆ. ಮಣಿಪಾಲಕ್ಕೆ ಜಾಹೀರಾತು ಹಾಕುವ ಮೊದಲು ಕಾಲೇಜಿನ ರಜೆ ಯಾವಾಗ ಎಂದು ನೋಡಿಕೊಳ್ಳಿ, ಖಾಲಿ ಹಾಸ್ಟೆಲ್ಲಿಗೆ ದುಡ್ಡು ಸುರಿದಂತಾಗಬಾರದು. ಒಮ್ಮೆಗೇ ದೊಡ್ಡ ಮೊತ್ತ ಹಾಕುವುದಕ್ಕಿಂತ ದಿನಕ್ಕೆ 200 ರೂಪಾಯಿಯಂತೆ 10 ದಿನ, ಒತ್ತಿದರೆ ನೇರ ವಾಟ್ಸ್ಆ್ಯಪ್ ತೆರೆಯುವ ಜಾಹೀರಾತು ಸಾಕು. ಮಾರ್ಚ್ ಪರೀಕ್ಷೆಯ ತಿಂಗಳು, ಆಗ ಸುಮ್ಮನಿರಿ. ಏಪ್ರಿಲ್ ಮೊದಲ ವಾರ ಬೇಸಿಗೆ ಶಿಬಿರಕ್ಕೆ ಸರಿಯಾದ ಸಮಯ.

ಪಂದ್ಯಾಟ ಇಟ್ಟುಕೊಂಡರೆ ದಿನಾಂಕದಲ್ಲೇ ಅರ್ಧ ಪ್ರಚಾರ ಅಡಗಿದೆ. ನವೆಂಬರ್‌ನಿಂದ ಮಾರ್ಚ್ ತನಕ ಶನಿವಾರ ರಾತ್ರಿ ಎಂದರೆ ಎಲ್ಲೋ ಕಂಬಳ, ಎಲ್ಲೋ ಯಕ್ಷಗಾನ, ಎಲ್ಲೋ ದೈವದ ನೇಮ. ಆ ರಾತ್ರಿಗಳ ಜೊತೆ ಸ್ಪರ್ಧೆಗೆ ಇಳಿಯಬೇಡಿ, ಭಾನುವಾರ ಸಂಜೆ 4ಕ್ಕೆ ಇಡಿ. 48 ಗಂಟೆ ಮೊದಲು ಪ್ರತಿ ಬಾಕ್ಸರಿಗೂ ಪ್ರತ್ಯೇಕ ಪೋಸ್ಟರ್: ಹೆಸರು, ಊರು, ಶಾಲೆ ಅಥವಾ ಕಾಲೇಜು, ತೂಕದ ವಿಭಾಗ, ಕೆಂಪು ಮೂಲೆಯೋ ನೀಲಿಯೋ. ಎಲ್ಲರ ಮುಖವನ್ನೂ ಒಂದೇ ಫ್ಲೆಕ್ಸಿನಲ್ಲಿ ತುರುಕಿದರೆ ಯಾರೂ ಅದನ್ನು ತಮ್ಮದೆಂದು ಹಂಚುವುದಿಲ್ಲ. 24 ಬಾಕ್ಸರ್‌ಗಳು ತಲಾ 4 ಗುಂಪುಗಳಿಗೆ ಕಳಿಸಿದರೆ, ಗುಂಪಿಗೆ 150 ಜನ ಎಂದಿಟ್ಟುಕೊಂಡರೂ 14,400 ಫೋನುಗಳು, ಕಾಸು ಖರ್ಚಿಲ್ಲದೆ. ಹೆಸರಿನ ಕನ್ನಡ ಕಾಗುಣಿತವನ್ನು ಮನೆಯವರಿಗೇ ತೋರಿಸಿ ಖಚಿತ ಮಾಡಿಕೊಳ್ಳಿ. ಮಗನ ಹೆಸರು ತಪ್ಪಿದ ಪೋಸ್ಟರನ್ನು ಯಾವ ಅಪ್ಪನೂ ಮುಂದಕ್ಕೆ ಕಳಿಸುವುದಿಲ್ಲ. ಕ್ಲಬ್ಬಿನಿಂದ ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ (ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವುದು) ಮಾಡುವುದಾದರೆ ಒಂದು ಪಟ್ಟಿಗೆ 256 ಜನರ ಮಿತಿ ಇದೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ಲೈವ್‌ಗೆ ಮೊಬೈಲ್ ಡೇಟಾ ನಂಬಬೇಡಿ. ಜನ ಸೇರಿದಂತೆ ನೆಟ್‌ವರ್ಕ್ ಕುಸಿಯುತ್ತದೆ, ಫೈನಲ್ ಹೊತ್ತಿಗೆ ಚಿತ್ರ ನಿಂತೇ ಹೋಗುತ್ತದೆ. ಫೈಬರ್ ಸಂಪರ್ಕ, ರೂಟರಿಗೊಂದು ಯುಪಿಎಸ್ ಬೇಕು. 720ರ ಗುಣಮಟ್ಟಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಅಪ್‌ಲೋಡ್ ಬೇಕಾಗುತ್ತದೆ, ಅದರ ಎರಡರಷ್ಟು ಇದೆಯೇ ಎಂದು ಹಿಂದಿನ ದಿನ ಅದೇ ಹೊತ್ತಿಗೆ ಪರೀಕ್ಷಿಸಿ. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ತೆರೆಯಲು 24 ಗಂಟೆ ಹಿಡಿಯಬಹುದು, ಮೊಬೈಲಿನಿಂದ ಮಾಡಲು 50 ಚಂದಾದಾರರಾದರೂ ಇರಬೇಕು. ಬೆಳಗ್ಗೆ ಎದ್ದು ನೋಡಿಕೊಂಡರಾಯಿತು ಎಂದವರು ಇಲ್ಲೇ ಸಿಕ್ಕಿಬೀಳುವುದು. ಏಪ್ರಿಲ್ ಸೆಕೆಗೆ ಫೋನು ಬಿಸಿಯಾಗಿ ತಾನೇ ಆಫ್ ಆಗುತ್ತದೆ, ಕವರ್ ತೆಗೆದು ಫ್ಯಾನಿನ ಎದುರು ಇಡಿ. ಲೈವ್‌ಗೆ ಒಂದು ಫೋನು, ರೀಲ್ಸ್‌ಗೆ ಇನ್ನೊಂದು, ಫೋಟೋಕ್ಕೆ ಮತ್ತೊಂದು, ಮೂವರು ಬೇರೆ ಬೇರೆ ಜನ.

ವೀಕ್ಷಕ ವಿವರಣೆ ಕೊಡುವವರು ಅಂಕದ ಲೆಕ್ಕವನ್ನು ಪ್ರತಿ ಪಂದ್ಯಕ್ಕೂ ಒಮ್ಮೆ ಹೇಳಲೇಬೇಕು. ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9, ಪೂರ್ತಿ ಹಿಂದೆ ಬಿದ್ದರೆ 8. ಐವರಲ್ಲಿ ಮೂವರು ಒಬ್ಬನ ಪರ, ಇಬ್ಬರು ಇನ್ನೊಬ್ಬನ ಪರ ಬಂದರೆ 3-2. ಇದು ಗೊತ್ತಿಲ್ಲದವನಿಗೆ ಹೆಚ್ಚು ಮುನ್ನುಗ್ಗಿದವನೇ ಗೆದ್ದವನಂತೆ ಕಾಣುತ್ತಾನೆ, ಫಲಿತಾಂಶ ಬಂದ ಕೂಡಲೇ “ಮೋಸ” ಎಂಬ ಕಮೆಂಟು ಶುರುವಾಗುತ್ತದೆ. ನೋಡುಗನಿಗೆ ಲೆಕ್ಕ ಕೈಗೆ ಬಂದರೆ ಅವನೂ ತೀರ್ಪುಗಾರನಾಗಿ ಕೂತು ನೋಡುತ್ತಾನೆ, ಮುಂದಿನ ಪಂದ್ಯಕ್ಕೂ ಉಳಿಯುತ್ತಾನೆ.

ಪ್ರಾಯೋಜಕರಿಗೆ ಬ್ಯಾನರ್ ಜಾಗ ಕೊಡುವಾಗ ಕ್ಯಾಮೆರಾ ಎಲ್ಲಿದೆ ಎಂಬುದನ್ನು ಮೊದಲು ನೋಡಿ. ರಿಂಗಿನ ನಾಲ್ಕು ಮೂಲೆಗಳಲ್ಲಿ ಒಂದು ಕೆಂಪು, ಒಂದು ನೀಲಿ, ಎರಡು ಬಿಳಿ. ಕ್ಯಾಮೆರಾದ ಎದುರಿಗೆ ಬರುವ ಬಿಳಿ ಮೂಲೆಯ ಪ್ಯಾಡು ಇಡೀ ಸಂಜೆ ಚಿತ್ರದಲ್ಲಿರುತ್ತದೆ, ಪ್ರವೇಶದ್ವಾರದ ದೊಡ್ಡ ಫ್ಲೆಕ್ಸ್ ಒಮ್ಮೆಯೂ ಇರುವುದಿಲ್ಲ. ಪಂದ್ಯ ಮುಗಿದ ವಾರದೊಳಗೆ ಎಷ್ಟು ಜನ, ಯಾವ ಊರಿನವರು ನೋಡಿದರು ಎಂಬುದರ ಸ್ಕ್ರೀನ್‌ಶಾಟ್ ಆ ಅಂಗಡಿಗೆ ಕೊಟ್ಟು ಬನ್ನಿ. ಕೇಳದೆ ಕೊಟ್ಟ ಲೆಕ್ಕಕ್ಕೆ ಮುಂದಿನ ವರ್ಷ ಬೆಲೆ ಇರುತ್ತದೆ.

ಮಕ್ಕಳ ವಿಷಯದಲ್ಲಿ ಸ್ವಲ್ಪವೂ ಸಡಿಲ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ದಾಟದವರನ್ನು ಮಕ್ಕಳೆಂದೇ ಪರಿಗಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಸೇರುವ ಫಾರ್ಮಿನಲ್ಲೇ ಫೋಟೋ, ವಿಡಿಯೋಕ್ಕೆ ಬೇರೆ ಸಹಿ ತೆಗೆದುಕೊಳ್ಳಿ, ಬೇಡ ಎಂದವರ ಮಗು ಹಿನ್ನೆಲೆಯಲ್ಲೂ ಬರಬಾರದು. ಹುಡುಗಿಯರ ಬ್ಯಾಚಿನ ಸಮಯ, ಜಾಗ ಎರಡನ್ನೂ ಒಟ್ಟಿಗೆ ಬಹಿರಂಗವಾಗಿ ಹಾಕಬೇಡಿ, ಕೇಳಿದವರಿಗೆ ಫೋನಿನಲ್ಲಿ ಹೇಳಿ. ಮೇರಿ ಕೋಮ್, ಲವ್ಲಿನಾ ಬೊರ್ಗೊಹೈನ್, ನಿಖತ್ ಝರೀನ್, 2025ರಲ್ಲಿ ಲಿವರ್‌ಪೂಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಜೈಸ್ಮಿನ್ ಲಂಬೋರಿಯಾ ಮತ್ತು ಮೀನಾಕ್ಷಿ ಹೂಡಾ: ದೇಶದ ಬಾಕ್ಸಿಂಗ್ ಇವತ್ತು ನಿಂತಿರುವುದು ಬಹುಪಾಲು ಹೆಣ್ಣುಮಕ್ಕಳ ಹೆಗಲ ಮೇಲೆ. ಇಲ್ಲಿನ ಹುಡುಗಿಯ ವಿಡಿಯೋದಡಿ ಒಂದು ಕೊಳಕು ಕಮೆಂಟ್ ಅರ್ಧ ದಿನ ಉಳಿದರೆ ಅವಳ ಮನೆಯವರು ಮರುದಿನದಿಂದ ಅವಳನ್ನು ಕಳಿಸುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಬೇಡದ ಪದವಿರುವ ಕಮೆಂಟನ್ನು ಮರೆಮಾಡುವ ಹಿಡನ್ ವರ್ಡ್ಸ್ ಪಟ್ಟಿಗೆ ತುಳು, ಕನ್ನಡ ಬೈಗುಳಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಎಲ್ಲ ಕಾಗುಣಿತದಲ್ಲೂ ನೀವೇ ಸೇರಿಸಬೇಕು. ಅದು ತಾನಾಗಿ ಅವನ್ನು ಗುರುತಿಸುತ್ತದೆ ಎಂದು ನಂಬಿ ಕೂರುವಂತಿಲ್ಲ.

ಪಂದ್ಯಕ್ಕೆ ಹೋಗುವ ಬಾಕ್ಸರನ ಸ್ಪಾರಿಂಗ್ ವಿಡಿಯೋವನ್ನು ಎರಡು ವಾರ ತಡಮಾಡಿ ಹಾಕಿ, ಎದುರಾಳಿಯ ಕೋಚ್ ಕೂಡ ನಿಮ್ಮ ಫಾಲೋವರ್. ತೂಕ ಇಳಿಸಲು ಊಟ ಬಿಟ್ಟದ್ದನ್ನು ಸಾಧನೆಯಂತೆ ತೋರಿಸಬೇಡಿ, ಹದಿನೈದರ ಹುಡುಗ ಅದನ್ನೇ ಮಾಡುತ್ತಾನೆ. ಪೇಜಿನ ಪಾಸ್‌ವರ್ಡ್ ಒಬ್ಬ ಹುಡುಗನ ಫೋನಿನಲ್ಲಿ ಮಾತ್ರ ಇರುವುದು ಬೇಡ. ಅವನು ಕೆಲಸಕ್ಕೆಂದು ಬೆಂಗಳೂರಿಗೋ ಗಲ್ಫಿಗೋ ಹೋದರೆ ನಾಲ್ಕು ವರ್ಷದ ದುಡಿಮೆ ಅವನ ಹಳೆಯ ಸಿಮ್ ಜೊತೆ ಹೋಗುತ್ತದೆ.

ವಿಡಿಯೋವನ್ನು ಯಾರು, ಎಲ್ಲಿಂದ ನೋಡಿದರು ಎಂದು ತೋರಿಸುವ ಇನ್‌ಸೈಟ್ಸ್‌ನಲ್ಲಿ ನಾನಾದರೆ ಮೊದಲು ನೋಡುವುದು ಊರುಗಳ ಪಟ್ಟಿ. ಮಂಗಳೂರೋ ಉಡುಪಿಯೋ ಮೇಲಿಲ್ಲದೆ ದೆಹಲಿ, ಢಾಕಾ ಮೇಲಿದ್ದರೆ ಲಕ್ಷ ವ್ಯೂ ಬಂದರೂ ಹಾಲ್‌ಗೆ ಒಬ್ಬನೂ ಬರುವುದಿಲ್ಲ. ನಂತರ ಶೇರ್ ಮತ್ತು ಸೇವ್. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡುವ ನಾಲ್ಕು ಲೆಕ್ಕ: ತಿಂಗಳಿಗೆ ಎಷ್ಟು ಜನ ಕೇಳಿದರು, ಎಷ್ಟು ಜನ ಟ್ರಯಲ್ ಕ್ಲಾಸಿಗೆ ಬಂದರು, ಎಷ್ಟು ಜನ ಸೇರಿದರು, 90ನೇ ದಿನಕ್ಕೆ ಎಷ್ಟು ಜನ ಉಳಿದರು. ಕೇಳುವವರು ಹೆಚ್ಚಿದ್ದು ಬರುವವರು ಕಡಿಮೆ ಎಂದಾದರೆ ದೋಷ ಬಹುತೇಕ ಉತ್ತರಿಸುವ ವೇಗದಲ್ಲಿದೆ. ರಾತ್ರಿ 9ಕ್ಕೆ ಕೇಳಿದವರಿಗೆ ಮರುದಿನ ಸಂಜೆ ಉತ್ತರ ಹೋದರೆ ಆ ಉತ್ಸಾಹ ಉಳಿದಿರುವುದಿಲ್ಲ. ವಾಟ್ಸ್ಆ್ಯಪ್ ಬ್ಯುಸಿನೆಸ್‌ನಲ್ಲಿ ಸಿದ್ಧ ಉತ್ತರ ಇಟ್ಟುಕೊಳ್ಳಿ: ಲೊಕೇಶನ್, ಬ್ಯಾಚಿನ ಸಮಯ, ಫೀಸು, ಹತ್ತಿರದ ಬಸ್ ಸ್ಟಾಪು, ಮೊದಲ ದಿನ ತರಬೇಕಾದದ್ದು. ಮೊದಲ ದಿನಕ್ಕೆ ಟವೆಲ್, ನೀರಿನ ಬಾಟಲಿ ಮತ್ತು ಶೂ ಸಾಕು.

ಸೇರಿದವರು 90 ದಿನ ಉಳಿಯುವುದಿಲ್ಲ ಎಂದಾದರೆ ಅದು ಪ್ರಚಾರದ ತಪ್ಪಲ್ಲ, ತರಗತಿಯ ತಪ್ಪು. ಅಲ್ಲೂ ಒಂದು ಚಿಕ್ಕ ವಿಡಿಯೋ ಕೆಲಸಕ್ಕೆ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಹ್ಯಾಂಡ್‌ರ‍್ಯಾಪ್ ಒಣಗುವುದಿಲ್ಲ, ವಾಸನೆ ಬರುತ್ತದೆ, ಮಕ್ಕಳು ನಾಚಿಕೊಂಡು ಬರುವುದನ್ನೇ ಬಿಡುತ್ತಾರೆ. ಎರಡು ಜೊತೆ ಇಟ್ಟುಕೊಂಡು, ಒಗೆಯುವಾಗ ಸಿಕ್ಕಾಗದಂತೆ ಬಲೆಯ ಚೀಲದಲ್ಲಿ ಹಾಕಿ, ಹಿಂಡದೆ ಫ್ಯಾನಿನ ಕೆಳಗೆ ಉದ್ದಕ್ಕೆ ನೇತುಹಾಕಬೇಕು. ಒಣಗಿದ ಮೇಲೆ ವೆಲ್‌ಕ್ರೋ ತುದಿಯಿಂದ ಸುರುಳಿ ಸುತ್ತುತ್ತ ಬಂದರೆ ಹೆಬ್ಬೆರಳಿನ ಕುಣಿಕೆ ಹೊರಗೆ ಉಳಿಯುತ್ತದೆ, ಮರುದಿನ ಸಂಜೆ ಚೀಲದಿಂದ ತೆಗೆದು ನೇರ ಕೈಗೆ ಸುತ್ತಬಹುದು.